ನನ್ನದಲ್ಲದ ಕೋಶಕೇಂದ್ರ

ಯುದ್ಧದ ವರ್ಷಗಳಲ್ಲಿ ನಾನು ಹೊಳೆನರಸೀಪುರದ ಹೆಣ್ಣುಮಕ್ಕಳ ಮಿಡ್ಲ್ ಸ್ಕೂಲೊಂದರಲ್ಲಿ ಪಾಠ ಹೇಳುತ್ತಿದ್ದೆ. ಇಪ್ಪತ್ತು ದಾಟಿತ್ತು, ಮದುವೆಯಾಗಿರಲಿಲ್ಲ. ಚನ್ನರಾಯಪಟ್ಟಣದ ನಮ್ಮ ಮನೆಯಲ್ಲಿ ಅದೇ ದೊಡ್ಡ ಚಿಂತೆ. ತಂದೆ ಬಾಗೂರು ಕಡೆಯ ತೋಟಗಳಿಂದ ಕೊಬ್ಬರಿ ಕೊಂಡು ವ್ಯಾಪಾರ ಮಾಡುತ್ತಿದ್ದರು. ಮಗಳು ಓದಲಿ ಎಂದು ಹಟ ಹಿಡಿದವರೂ ಅವರೇ, ಓದಿದ್ದು ಹೆಚ್ಚಾಯಿತೇನೋ ಎಂದು ಆಮೇಲೆ ಕಸಿವಿಸಿಪಟ್ಟವರೂ ಅವರೇ. ಹೊಳೆನರಸೀಪುರದಲ್ಲಿ ನಾನು ಸೋದರತ್ತೆಯ ಮನೆಯಲ್ಲಿದ್ದೆ. ಅತ್ತೆಗೆ ಮಕ್ಕಳಿರಲಿಲ್ಲ, ಗಂಡ ತೀರಿಕೊಂಡು ಎಷ್ಟೋ ವರ್ಷವಾಗಿತ್ತು. ಬೆಳಗಿನ ಲಿಂಗಪೂಜೆ ಮುಗಿಯಿತೆಂದರೆ ಉಳಿದ ಹೊತ್ತೆಲ್ಲ ಅವರಿಗೆ ನನ್ನದೇ ಯೋಚನೆ.

ಆ ವರ್ಷ ನನಗೆ ಒಂದು ಕಡೆ ಕೂರಲಾಗುತ್ತಿರಲಿಲ್ಲ. ಊಟಕ್ಕೆ ಕೂತರೆ ಅರ್ಧಕ್ಕೇ ಎದ್ದುಬಿಡುವುದು, ಪುಸ್ತಕ ತೆರೆದರೆ ಒಂದೇ ಸಾಲನ್ನು ಮತ್ತೆ ಮತ್ತೆ ಓದುವುದು, ಸಾಯಂಕಾಲ ಹೊಳೆಯ ದಂಡೆಯಲ್ಲಿ ಸುಮ್ಮನೆ ಅತ್ತಿಂದಿತ್ತ ನಡೆಯುವುದು. ದಿನ ಬಿಟ್ಟು ದಿನ ಮಧ್ಯಾಹ್ನದ ಹೊತ್ತಿಗೆ ಬೆನ್ನಲ್ಲಿ ಸಣ್ಣಗೆ ಚಳಿ ಹುಟ್ಟುತ್ತಿತ್ತು. ಆಮೇಲೆ ಮೈ ಕಾದು ಬೆವರಿ ಹಗುರವಾಗುತ್ತಿತ್ತು. ಮರುದಿನ ಚೆನ್ನಾಗಿರುತ್ತಿದ್ದುದರಿಂದ ನಾನದನ್ನು ಕಾಯಿಲೆ ಎಂದು ಎಣಿಸಲೇ ಇಲ್ಲ. ಗಂಡು ನೋಡುವ ಮಾತು ನಡೆದಿತ್ತಲ್ಲ, ಅದರ ತಳಮಳವೆಂದುಕೊಂಡೆ. ಅತ್ತೆ ಕಣ್ಣುದೃಷ್ಟಿ ಎಂದು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕುತ್ತಿದ್ದರು.

ಹಾಗಿರುವಾಗ ಮೇಲಿನ ತರಗತಿಯ ಪ್ರಕೃತಿಪಾಠದಲ್ಲಿ ಜೀವಕೋಶದ ಪಾಠ ಬಂತು. ನಾನು ಕರಿಹಲಗೆಯ ಮೇಲೆ ಎರಡು ಚಿತ್ರ ಬರೆದೆ. ಎಡಗಡೆ ಗಿಡದ ಕೋಶ, ಇಟ್ಟಿಗೆಯ ಹಾಗೆ ಚೌಕ. ಬಲಗಡೆ ಪ್ರಾಣಿಯ ಕೋಶ, ಅಂಕುಡೊಂಕಾದ ದುಂಡು. ಗಿಡಕ್ಕೆ ಮೂಳೆಯಿಲ್ಲ, ಆದ್ದರಿಂದ ಅದರ ಒಂದೊಂದು ಕೋಶವೂ ತನ್ನ ಸುತ್ತ ಗೋಡೆ ಕಟ್ಟಿಕೊಂಡು ನೆಟ್ಟಗೆ ನಿಲ್ಲುತ್ತದೆ, ಅದು ಕೋಶಭಿತ್ತಿ ಎಂದೆ. ನಮ್ಮ ಕೋಶಗಳಿಗೆ ತೆಳ್ಳನೆಯ ಪೊರೆ ಮಾತ್ರ, ಬೇಕಾದ್ದನ್ನು ಒಳಗೆ ಬಿಟ್ಟು ಬೇಡದ್ದನ್ನು ಹೊರಗೆ ಹಾಕುವುದೇ ಅದರ ಕೆಲಸ ಎಂದೆ. ಒಳಗೆ ಜೀವರಸ, ನಡುವೆ ಎಲ್ಲವನ್ನೂ ನಡೆಸುವ ಕೋಶಕೇಂದ್ರ. ಹೆಸರುಗಳನ್ನೆಲ್ಲ ಬರೆಸಿ ಗೆರೆ ಎಳೆಸಿದೆ.

ಹರದನಹಳ್ಳಿಯಿಂದ ಬಂದು ನೆಂಟರ ಮನೆಯಲ್ಲಿದ್ದು ಓದುತ್ತಿದ್ದ ಒಕ್ಕಲು ಮನೆತನದ ಹುಡುಗಿಯೊಬ್ಬಳಿದ್ದಳು. ಮಾತು ಕಡಿಮೆ. ಅವತ್ತು ಅವಳು ಎದ್ದು ನಿಂತಳು.

"ಅಮ್ಮಾರೆ, ಇದು ಕಣ್ಣಿಗೆ ಕಾಣಾಕಿಲ್ಲ ಅಂದ್ರಲ್ಲ. ಅಂಗಾರೆ ಬರೆದೋರು ಎಂಗೆ ಬರುದ್ರು?"

"ಸೂಕ್ಷ್ಮದರ್ಶಕ ಅಂತ ಒಂದು ಯಂತ್ರ ಇದೆ. ಅದರಲ್ಲಿ ನೋಡಿ ಬರೆದರು."

"ನೀವು ನೋಡಿದ್ದೀರಾ?"

"ಇಲ್ಲ," ಎಂದೆ. ಸುಳ್ಳು ಹೇಳುವ ಅಗತ್ಯವೇನಿತ್ತು? ಟ್ರೈನಿಂಗಿನಲ್ಲಿ ನಮಗೂ ಗೋಡೆಗೆ ನೇತುಹಾಕಿದ ಪಟದಲ್ಲೇ ಕಲಿಸಿದ್ದರು.

ಹುಡುಗಿ "ಅಂಗಾ" ಎಂದು ಕೂತಳು. ಅದರಲ್ಲಿ ಕುಹಕವಿರಲಿಲ್ಲ. ಅವಳಿಗೆ ಅಷ್ಟಕ್ಕೇ ಸಮಾಧಾನವಾಯಿತು, ನನಗೆ ಆಗಲಿಲ್ಲ. ನಾನು ಬರೆದ ಚುಕ್ಕೆ, ಗೆರೆ, ಗೋಡೆಗಳಲ್ಲಿ ಒಂದನ್ನೂ ಕಣ್ಣಾರೆ ಕಂಡವಳಲ್ಲ ಎಂಬುದು ಮುಳ್ಳು ಮುರಿದು ಉಳಿದ ಹಾಗೆ ಒಳಗೇ ಉಳಿಯಿತು. ಮನೆಗೆ ಬಂದು ಈರುಳ್ಳಿ ಹೆಚ್ಚುವಾಗ ಅದರ ತೆಳುಪೊರೆಯನ್ನು ಬಿಡಿಸಿ ಕಿಟಕಿಗೆ ಹಿಡಿದು ನೋಡುತ್ತ ನಿಂತುಬಿಟ್ಟೆ. ಬೆಳಕಲ್ಲದೆ ಬೇರೇನೂ ಕಾಣಲಿಲ್ಲ.

ಆ ಶನಿವಾರ ರೈಲು ಹತ್ತಿ ಹಾಸನಕ್ಕೆ ಹೋದೆ. ಅಲ್ಲಿನ ಒಂದು ಹೈಸ್ಕೂಲಿನಲ್ಲಿ ಸೂಕ್ಷ್ಮದರ್ಶಕವಿದೆಯೆಂದು ಕೇಳಿದ್ದೆ. ಇತ್ತು. ಗಾಜಿನ ಬೀರುವಿನೊಳಗೆ ಹಿತ್ತಾಳೆಯ ಕೊಳವೆ ಹೊಳೆಯುತ್ತ ನಿಂತಿತ್ತು. ಸೈನ್ಸ್ ಮೇಷ್ಟ್ರು ನನ್ನನ್ನು ಕೂರಿಸಿ ಮರ್ಯಾದೆಯಿಂದಲೇ ಮಾತಾಡಿದರು.

"ನೋಡಮ್ಮ, ಬೀಗದ ಕೈ ಹೆಡ್‌ಮಾಸ್ಟರ ಹತ್ತಿರ. ಅವರು ಬೆಂಗಳೂರಿಗೆ ಹೋಗಿದ್ದಾರೆ."

"ಅವರು ಬಂದ ಮೇಲೆ ಬರಲೇ?"

"ಬಂದರೂ ತೆಗೆಯಲ್ಲ. ಇದು ನೋಡೋ ಸಾಮಾನು, ಇದರಲ್ಲಿ ನೋಡೋ ಸಾಮಾನಲ್ಲ." ಹೇಳಿದ ಮೇಲೆ ತಮ್ಮ ಮಾತಿಗೆ ತಾವೇ ನಕ್ಕರು. "ಅರಕಲಗೂಡಿನ ಹೆಂಗಸರ ಆಸ್ಪತ್ರೆಗೆ ಒಬ್ಬ ಲೇಡಿ ಡಾಕ್ಟರು ಬಂದಿದ್ದಾರಂತೆ. ಚಳಿಜ್ವರದವರ ರಕ್ತ ನೋಡೋದಕ್ಕೆ ಅಂತ ಸ್ವಂತದ್ದೊಂದು ಮೈಕ್ರೋಸ್ಕೋಪು ಇಟ್ಟುಕೊಂಡಿದ್ದಾರೆ ಅಂತ ಕೇಳಿದೆ. ಅವರನ್ನ ವಿಚಾರಿಸಿ."

ಹಿಂದಿರುಗುವ ರೈಲಿನಲ್ಲಿ ನನಗೆ ಮತ್ತೆ ಚಳಿ ಬಂತು. ಸೆರಗು ಹೊದ್ದು ಕಿಟಕಿಗೆ ಒರಗಿ ಕೂತೆ. ಅರಕಲಗೂಡಿಗೆ ಯಾವಾಗ ಹೋಗುವುದು ಎಂಬುದೊಂದೇ ಯೋಚನೆ.

ಅತ್ತೆಗೆ ಹೇಳಿದಾಗ ಅವರು ರಾಗಿ ಕೇರುತ್ತಿದ್ದ ಮೊರ ಕೆಳಗಿಟ್ಟರು. "ಎಲ್ಡು ವಾರದಾಗೆ ಗಂಡಿನ ಕಡೆಯೋರು ಬತ್ತಾವ್ರೆ. ಮೊಖ ನೋಡ್ಕೊ, ಅರಿಸಿನ ಬಳುದಂಗೆ ಆಗದೆ. ಇವಾಗ ಅರಕಲಗೂಡಿಗೆ ಓಗಿ ಈರುಳ್ಳಿ ನೋಡ್ಬೇಕಾ?"

"ನೋಡಲೇಬೇಕು ಅತ್ತೆ."

"ಒಬ್ಬಳನ್ನೇ ಕಳ್ಸಾಕಿಲ್ಲ. ನಾನೂ ಬತ್ತೀನಿ."

ಮುಂದಿನ ಭಾನುವಾರ ಹೊರಟೆವು. ಒಂದು ಈರುಳ್ಳಿಯನ್ನು ಸೆರಗಿನ ತುದಿಗೆ ಕಟ್ಟಿಕೊಂಡೆ. ಹೊಳೆಯಲ್ಲಿ ನೀರಿನೊಳಗೇ ಬೆಳೆಯುವ, ಪುಟ್ಟ ಎಲೆಗಳ ಪಾಚಿಗಿಡವನ್ನು ಕಿತ್ತು ಮುಚ್ಚಳದ ಚೊಂಬಿನಲ್ಲಿ ನೀರು ಸಮೇತ ಇಟ್ಟುಕೊಂಡೆ. ಎಲೆಯ ಹಸಿರಿನ ವಿಷಯ ಓದಿದ್ದೆನಲ್ಲ, ಅದನ್ನೂ ನೋಡಿಬಿಡುವ ಆಸೆ. ಆಗ ಪೆಟ್ರೋಲಿಗೆ ಬರ. ಬಸ್ಸುಗಳು ಬೆನ್ನಿಗೆ ಇದ್ದಿಲ ಒಲೆ ಕಟ್ಟಿಕೊಂಡು ಅದರ ಹೊಗೆಯ ಬಲದಲ್ಲಿ ಓಡುತ್ತಿದ್ದವು. ಓಡುತ್ತಿದ್ದವು ಎಂದರೆ ಹೆಚ್ಚಾಯಿತು. ಹಳ್ಳಿಮೈಸೂರು ದಾಟಿ ಒಂದು ಏರು ಸಿಕ್ಕಿದ ಕೂಡಲೇ ನಮ್ಮ ಬಸ್ಸು ನಿಂತಿತು. ಕ್ಲೀನರು ಇಳಿದು ಇದ್ದಿಲು ತುಂಬಿ ಗಾಳಿ ಹೊಡೆಯತೊಡಗಿದ. ಗಂಡಸರೆಲ್ಲ ಇಳಿದು ನೂಕಿದರು.

ನನಗೆ ಬಸ್ಸಿನಲ್ಲಿ ಕೂರಲಾಗಲಿಲ್ಲ. ಇಳಿದು ಚೊಂಬು ಹಿಡಿದುಕೊಂಡೇ ನಡೆಯಲು ಶುರು ಮಾಡಿದೆ.

"ಎಲ್ಲಿಗೆ ಓಯ್ತೀಯೇ? ನಿಂತ್ಕೊಳೇ!" ಅತ್ತೆ ಹಿಂದಿನಿಂದ ಕೂಗಿದರು. "ಬಸ್ಸಿಗಿಂತ ಮುಂಚೆ ಓಗಿ ಏನ್ ಮಾಡ್ತೀಯಾ?"

ಏನು ಮಾಡುತ್ತಿದ್ದೆನೋ ನನಗೂ ಗೊತ್ತಿರಲಿಲ್ಲ. ಏರಿನ ನೆತ್ತಿಯವರೆಗೂ ನಡೆದೆ. ಬಸ್ಸು ಕೆಮ್ಮುತ್ತ ಬಂದು ನನ್ನನ್ನು ಹತ್ತಿಸಿಕೊಂಡಿತು. ಅಷ್ಟು ಹೊತ್ತಿಗೆ ನನ್ನ ಹಲ್ಲು ಕಟಕಟಿಸುತ್ತಿತ್ತು. ಅತ್ತೆ ತಮ್ಮ ಕಂಬಳಿ ತೆಗೆದು ನನಗೆ ಹೊದಿಸಿದರು.

ಅರಕಲಗೂಡಿನ ಆಸ್ಪತ್ರೆ ಒಂದು ಹೆಂಚಿನ ಮನೆ. ಲೇಡಿ ಡಾಕ್ಟರು ಘಟ್ಟದ ಕೆಳಗಿನವರು, ಮಾತೂ ಅಲ್ಲಿಯದೇ. ವಯಸ್ಸು ನಲವತ್ತರ ಹತ್ತಿರ, ತೋಳು ಮಡಚಿದ ಬಿಳಿ ರವಿಕೆ. ಕಂಬಳಿ ಹೊದ್ದು ಬಂದ ನನ್ನನ್ನು ನೋಡಿದವರೇ ಬೆಂಚು ತೋರಿಸಿದರು.

"ಎಷ್ಟು ದಿವಸದಿಂದ ಜ್ವರ?"

"ಜ್ವರಕ್ಕೆ ಬಂದದ್ದಲ್ಲ ಡಾಕ್ಟರೇ. ಜೀವಕೋಶ ನೋಡೋದಕ್ಕೆ ಬಂದೆ."

ಅವರು ನನ್ನನ್ನೂ ಚೊಂಬನ್ನೂ ಅತ್ತೆಯನ್ನೂ ಒಂದೊಂದಾಗಿ ನೋಡಿದರು. ನಾನು ಹುಡುಗಿಯ ಪ್ರಶ್ನೆಯನ್ನು ಹೇಳಿದೆ, ಹಾಸನದ ಬೀರುವಿನ ಕಥೆ ಹೇಳಿದೆ. ಅವರಿಗೆ ನಗು ತಡೆಯಲಾಗಲಿಲ್ಲ.

"ಈ ಊರಿಗೆ ಬಂದ ಮೇಲೆ ಇದನ್ನು ಕೇಳಿಕೊಂಡು ಬಂದವರು ನೀವೊಬ್ಬರೇ. ಬನ್ನಿ."

ಕಿಟಕಿಯ ಪಕ್ಕದ ಮೇಜಿನ ಮೇಲೆ ಯಂತ್ರವಿತ್ತು. ಅವರು ಈರುಳ್ಳಿಯ ಒಳಪೊರೆಯನ್ನು ಉಗುರಿನಷ್ಟು ಬಿಡಿಸಿ ಗಾಜಿನ ಮೇಲೆ ಹಾಸಿ, ಒಂದು ತೊಟ್ಟು ಅಯೋಡಿನ್ ಹಾಕಿ, ಕೆಳಗಿನ ಕನ್ನಡಿಯನ್ನು ಆಕಾಶದ ಕಡೆಗೆ ತಿರುಗಿಸಿದರು. ನಾನು ಬಗ್ಗಿದೆ.

ಮೊದಲು ಬೆಳ್ಳಗೆ ಮಂಜು. ಆಮೇಲೆ ಅವರು ತಿರುಪನ್ನು ಸ್ವಲ್ಪ ತಿರುಗಿಸಿದಾಗ ಗೋಡೆಗಳು ಎದ್ದು ಬಂದವು. ಒಂದಕ್ಕೊಂದು ತಾಗಿಕೊಂಡ ಉದ್ದುದ್ದ ಮನೆಗಳು, ಸಾಲು ಸಾಲು. ಒಂದೊಂದು ಮನೆಯೊಳಗೂ ಕಂದುಬಣ್ಣದ ಒಂದು ಬೀಜ. ಆದರೆ ಅದು ನಾನು ಬರೆದ ಹಾಗೆ ನಡುವೆ ಇರಲಿಲ್ಲ, ಗೋಡೆಗೆ ಒತ್ತರಿಸಿಕೊಂಡಿತ್ತು.

"ಕೋಶಕೇಂದ್ರ ಮೂಲೆಗೆ ಹೋಗಿದೆ," ಎಂದೆ.

"ಹೋಗದೆ ಏನು ಮಾಡೀತು? ನಡುವೆ ಎಲ್ಲ ನೀರಿನ ಚೀಲ. ರಸದಾನಿ. ಅದು ತುಂಬಿ ಒತ್ತಿಕೊಂಡಿದ್ದರೆ ಗಿಡ ನೆಟ್ಟಗೆ, ನೀರು ಕಡಿಮೆಯಾಯಿತೋ ಸೊಪ್ಪು ಬಾಡಿತು."

ಆಮೇಲೆ ಹೊಳೆಯ ಗಿಡದ ಒಂದು ಎಲೆ. ಬಣ್ಣ ಹಾಕುವುದೇ ಬೇಡ ಎಂದರು. ಈ ಸಲ ಗೋಡೆಗಳ ಒಳಗೆ ಹಸಿರು ಹೆಸರುಕಾಳಿನಂಥ ಕಣಗಳು. ಪತ್ರಹರಿತ್ತಿನ ಆ ಕಣಗಳು ಬಿಸಿಲಿನಲ್ಲಿ ಗಿಡಕ್ಕೆ ಅಡುಗೆ ಮಾಡುತ್ತವೆಂದು ಓದಿ ಗೊತ್ತಿತ್ತು. ಸ್ವಲ್ಪ ಹೊತ್ತು ನೋಡುತ್ತಿದ್ದಂತೆ ನನಗೆ ಜುಮ್ಮೆಂದಿತು. ಅವು ನಡೆಯುತ್ತಿದ್ದವು. ಒಂದರ ಹಿಂದೆ ಒಂದು, ಗೋಡೆಯ ಅಂಚು ಹಿಡಿದು ಸುತ್ತು ಹಾಕುತ್ತಿದ್ದವು. ಜೀವರಸವೇ ಹರಿಯುತ್ತ ಅವುಗಳನ್ನು ಹೊತ್ತೊಯ್ಯುತ್ತದೆಂದು ಡಾಕ್ಟರು ಹೇಳಿದರು. ಎಲೆ ಎಂದರೆ ಸುಮ್ಮನೆ ಇರುವ ವಸ್ತು ಎಂದು ತಿಳಿದಿದ್ದೆ. ಅದರೊಳಗೆ ಇಷ್ಟೊಂದು ಓಡಾಟ! ಬಗ್ಗಿದವಳು ಕತ್ತು ನೋಯುವವರೆಗೂ ಏಳಲಿಲ್ಲ.

"ಇನ್ನು ನಿಮ್ಮದು," ಎಂದು ಅವರು ಒಂದು ಮೊಂಡು ಕಡ್ಡಿ ಕೊಟ್ಟು ಕೆನ್ನೆಯ ಒಳಗಡೆ ಮೆಲ್ಲಗೆ ಕೆರೆಯಲು ಹೇಳಿದರು. ಕೆರೆದದ್ದನ್ನು ಗಾಜಿಗೆ ಬಳಿದರು.

ಬಾಗಿಲಲ್ಲಿ ಕೂತಿದ್ದ ಅತ್ತೆಗೆ ಸಹಿಸಲಾಗಲಿಲ್ಲ. "ಎಂಜಲ ನೋಡಾಕೆ ಇಷ್ಟು ದೂರ ಬಂದೇನವ್ವಾ?"

ಗೋಡೆಯಿಲ್ಲದ ಕೋಶಗಳನ್ನು ನಾನು ಮೊದಲು ನೋಡಿದ್ದು ಹಾಗೆ. ಗಾಳಿಗೆ ಬಿದ್ದ ತೆಳು ಬಟ್ಟೆಯ ಚೂರುಗಳಂತೆ ಅಂಚು ಮಡಿಚಿಕೊಂಡು ಬಿದ್ದಿದ್ದವು. ಒಂದೊಂದರಲ್ಲೂ ಚುಕ್ಕೆ ಇತ್ತು. ಹಸಿರು ಕಣ ಒಂದೂ ಇರಲಿಲ್ಲ. ನಮ್ಮ ಅಡುಗೆಯನ್ನು ಬೇರೆಯವರೇ ಮಾಡಬೇಕು.

ಮೇಜಿನ ಅಂಚು ಹಿಡಿದ ನನ್ನ ಕೈ ನಡುಗುತ್ತಿದ್ದುದನ್ನು ಡಾಕ್ಟರು ನೋಡುತ್ತಲೇ ಇದ್ದರೇನೋ. "ರಕ್ತದ ಕೋಶ ನೋಡುವುದಿಲ್ಲವಾ?" ಎಂದು ನನ್ನ ಬೆರಳು ಹಿಡಿದುಕೊಂಡರು. ಸೂಜಿ ಚುಚ್ಚಿ, ಹನಿಯನ್ನು ಗಾಜಿನ ಮೇಲೆ ತೆಳ್ಳಗೆ ಎಳೆದು, ಒಣಗಿಸಿ, ನೀಲಿ ಬಣ್ಣ ಸುರಿದು ತೊಳೆದರು. ಅದಕ್ಕೆ ಸಾಕಷ್ಟು ಹೊತ್ತು ಹಿಡಿಯಿತು. ನಾನು ಆ ಪುಟ್ಟ ಕೋಣೆಯಲ್ಲೇ ಸುತ್ತು ಹಾಕುತ್ತಿದ್ದೆ. ಅವರು ಬಗ್ಗಿ ನೋಡಿದರು, ಗಾಜನ್ನು ಸರಿಸಿ ಸರಿಸಿ ನೋಡಿದರು. ಆಮೇಲೆ ಸರಿದು ನನಗೆ ಜಾಗ ಬಿಟ್ಟರು.

ತಟ್ಟೆಗಳಂಥ ನಸುಗೆಂಪು ಕೋಶಗಳು ಕಣ್ಣಿಗೆ ತುಂಬಿದವು. ನಾನು ಒಂದೊಂದರೊಳಗೂ ಚುಕ್ಕೆ ಹುಡುಕಿದೆ.

"ಡಾಕ್ಟರೇ, ಇವಕ್ಕೆ ಕೋಶಕೇಂದ್ರವೇ ಇಲ್ಲ!"

"ಇಲ್ಲ. ಕೆಂಪು ಕಣಗಳು ಬೆಳೆಯುವಾಗ ಅದನ್ನು ಹೊರಗೆ ಹಾಕಿಬಿಡುತ್ತವೆ. ಮೈತುಂಬ ಆಮ್ಲಜನಕ ಹೊರಬೇಕಲ್ಲ, ಒಳಗೆ ಜಾಗ ಬೇಕು. ಬಿಳಿ ಕಣ ಸಿಕ್ಕಿದರೆ ನೋಡಿ, ಅದಕ್ಕಿದೆ."

ನಾನು ಹುಡುಕುತ್ತ ಹೋದೆ. ಒಂದು ಕೆಂಪು ಕೋಶದೊಳಗೆ ಸಣ್ಣ ನೀಲಿ ಉಂಗುರ ಕಂಡಿತು, ಉಂಗುರಕ್ಕೆ ಹರಳಿನಂತೆ ಒಂದು ಕೆಂಪು ಚುಕ್ಕೆ. ನನಗೆ ಖುಷಿಯೋ ಖುಷಿ.

"ಇಲ್ಲೊಂದರಲ್ಲಿ ಇದೆ! ಈ ಕೆಂಪು ಕಣಕ್ಕೆ ಕೋಶಕೇಂದ್ರ ಇದೆ ನೋಡಿ!"

ಅವರು ನೋಡಲು ಬಗ್ಗಲಿಲ್ಲ. ನನ್ನ ಬೆನ್ನ ಮೇಲೆ ಕೈಯಿಟ್ಟರು.

"ಉಂಟು. ಆದರೆ ಅದು ನಿಮ್ಮದಲ್ಲ."

ನನಗೆ ಅರ್ಥವಾಗಲಿಲ್ಲ.

"ಅದು ಬೇರೆ ಒಂದು ಜೀವಿ. ಇಡೀ ಮೈಯೇ ಒಂದು ಕೋಶ. ಸೊಳ್ಳೆ ಕಚ್ಚಿದಾಗ ಬಂದದ್ದು, ನಿಮ್ಮ ಕೋಶದೊಳಗೆ ಹೊಕ್ಕು ಕೂತಿದೆ. ಒಳಗಿದ್ದದ್ದನ್ನು ತಿಂದು, ಒಂದಿದ್ದದ್ದು ಹಲವಾಗಿ, ಕೋಶ ಒಡೆದು ಹೊರಗೆ ಬರುತ್ತದೆ. ಒಡೆದಾಗಲೆಲ್ಲ ನಿಮಗೆ ಚಳಿ. ಎಷ್ಟು ದಿವಸದಿಂದ ಜ್ವರ ಅಂತ ಕೇಳಿದೆನಲ್ಲ, ಈಗಲಾದರೂ ಹೇಳುತ್ತೀರಾ?"

ನಾನು ಮತ್ತೆ ಬಗ್ಗಿ ನೋಡಿದೆ. ಹೆದರಿಕೆ ಆಮೇಲೆ ಬಂತು. ಆ ಗಳಿಗೆಯಲ್ಲಿ ಹುಟ್ಟಿದ್ದು ಬೇರೆ. ನನ್ನ ಮನಸ್ಸಿನದೆಂದು ನಾನು ನಂಬಿದ್ದ ತಳಮಳದಲ್ಲಿ ಎಷ್ಟು ನನ್ನದು, ಎಷ್ಟು ಇದರದು? ಹೊಳೆದಂಡೆಯ ಓಡಾಟ, ಅರ್ಧಕ್ಕೆ ಬಿಟ್ಟ ಊಟ, ಇವಕ್ಕೆಲ್ಲ ಗಂಡು ನೋಡುವ ಮಾತನ್ನು ದೂರಿದ್ದೆ. ಉಂಗುರದ ಆಕಾರದ ಬಾಡಿಗೆದಾರ ಒಳಗೆ ಕೂತಿರುವುದು ಗೊತ್ತೇ ಇರಲಿಲ್ಲ.

ಅತ್ತೆ ಎದ್ದು ಬಂದರು. "ಏನಂತೆ? ದೃಷ್ಟಿ ಅಲ್ವಂತಾ?"

"ಅಲ್ಲ ತಾಯಿ, ಮಲೇರಿಯಾ," ಎಂದರು ಡಾಕ್ಟರು. "ಮೆಣಸಿನಕಾಯಿಗೆ ಹೋಗುವಂಥದ್ದಲ್ಲ."

ಮಲೇರಿಯಾದ ಮದ್ದು ಕ್ವಿನೈನ್ ಬರುತ್ತಿದ್ದುದೇ ಜಾವಾದಿಂದ, ಜಾವಾ ಜಪಾನಿನವರ ಕೈಗೆ ಹೋದ ಮೇಲೆ ಅದು ಸಿಗುವುದೇ ಕಷ್ಟವಾಗಿತ್ತು. ಡಾಕ್ಟರು ತಮ್ಮಲ್ಲಿದ್ದುದರಲ್ಲೇ ನನಗೊಂದು ಸೀಸೆ ಔಷಧ ಕಲಸಿ ಕೊಟ್ಟರು. ಆ ಕಹಿಯನ್ನು ಬೆಲ್ಲ ಮುಚ್ಚಲಾರದು. ಕುಡಿದ ಕೆಲವು ದಿನಗಳಲ್ಲೇ ಚಳಿ ಬಿಟ್ಟಿತು, ಬದಲಿಗೆ ಆ ಔಷಧದಿಂದಲೇ ಕಿವಿಯಲ್ಲಿ ಜೀರುಂಡೆ ಕೂತು ಹಗಲೂ ರಾತ್ರಿ ಕೂಗತೊಡಗಿತು.

ಗಂಡಿನ ಕಡೆಯವರು ಚನ್ನರಾಯಪಟ್ಟಣಕ್ಕೆ ಬಂದದ್ದು ಆ ಜೀರುಂಡೆಯ ದಿನಗಳಲ್ಲೇ. ಹಾಸನದಲ್ಲಿ ಅಂಗಡಿ ಇದ್ದ ಮನೆತನ. ನಾನು ತಲೆ ತಗ್ಗಿಸಿ ಕೂತೆ. ಹುಡುಗನ ತಾಯಿ ಏನೋ ಕೇಳಿದರು. ಬಾಯಿ ಆಡಿದ್ದು ಕಂಡಿತು, ಮಾತು ಕೇಳಲಿಲ್ಲ. ಇನ್ನೊಂದು ಸಲ ಕೇಳಿದರು. ಹೆಸರು ಕೇಳುತ್ತಿದ್ದಾರೆಂದುಕೊಂಡು ಹೆಸರು ಹೇಳಿದೆ. ಅವರು ಕೇಳಿದ್ದು ಒಬ್ಬಟ್ಟು ಮಾಡಲು ಬರುತ್ತದೆಯೇ ಎಂದಂತೆ. ಅವರು ಮುಖ ಮುಖ ನೋಡಿಕೊಂಡರು. ಹುಡುಗಿಗೆ ಕಿವಿ ಮಂದ ಎಂದು ಹೇಳಿ ಕಳಿಸಿದರು.

ತಂದೆ ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ಅತ್ತೆ ಮಾತ್ರ, "ಓದ್ರೆ ಓಗ್ಲಿ ಬುಡಣ್ಣ, ಜೀವ ಉಳೀತಲ್ಲ" ಎಂದು ಅವರಿಗೆ ಎದುರಾಡಿದರು. ನನಗೆ ದುಃಖವಾಗಲಿಲ್ಲ. ಚಳಿ ಹೋದರೂ ಚಡಪಡಿಕೆಯೊಂದು ಉಳಿದಿತ್ತು. ಇದು ನನ್ನದೇ ಎಂದು ಈಗ ಖಾತರಿಯಾಯಿತು.

ಮಳೆಗಾಲ ಮುಗಿಯುತ್ತಿದ್ದ ಹಾಗೆ ಹೊಳೆಯಂಚಿನ ಹಳ್ಳಿಗಳಲ್ಲಿ ಚಳಿಜ್ವರ ಹೆಚ್ಚಾಗಿ ಡಾಕ್ಟರು ಹೊಳೆನರಸೀಪುರಕ್ಕೆ ಬಂದರು. ಜಟಕಾ ಗಾಡಿಯಲ್ಲಿ ಯಂತ್ರದ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ನೇರವಾಗಿ ನಮ್ಮ ಸ್ಕೂಲಿಗೇ ಬಂದಿಳಿದರು.

"ಪ್ರಶ್ನೆ ಕೇಳಿದ ನಿಮ್ಮ ಹುಡುಗಿ ಯಾರು? ಕರೆಯಿರಿ."

ನಮ್ಮ ಹೆಡ್‌ಮಿಸ್ಟ್ರೆಸ್ ಅಗ್ರಹಾರದ ವಿಧವೆ, ಮಡಿಯಲ್ಲಿ ಬಲು ಬಿಗಿ. ಮನೆಯ ನೀರಲ್ಲದೆ ಬೇರೆ ನೀರು ಮುಟ್ಟುತ್ತಿರಲಿಲ್ಲ. ಅವರು ನನ್ನನ್ನು ಪಕ್ಕಕ್ಕೆ ಕರೆದು, "ತೋರಿಸಿ, ಬೇಡ ಅನ್ನಲ್ಲ. ಆದರೆ ಈರುಳ್ಳಿ ಒಳಗೆ ತರಬೇಡಿ. ನಾಳೆ ಊರಿಗೆ ಉತ್ತರ ಹೇಳೋಳು ನಾನು" ಎಂದರು. ಸರಿ, ಹೊಳೆಗಿಡ ಸಾಕು ಎಂದೆ. ಯಂತ್ರವನ್ನು ಜಗಲಿಯಲ್ಲಿಟ್ಟು ಹುಡುಗಿಯರನ್ನು ಸಾಲಾಗಿ ನಿಲ್ಲಿಸಿದೆವು. ಹರದನಹಳ್ಳಿಯ ಹುಡುಗಿ ಮೊದಲು ಬಗ್ಗಿದಳು. ಬಹಳ ಹೊತ್ತು ಕಣ್ಣು ತೆಗೆಯಲೇ ಇಲ್ಲ.

"ಗಾಣದ ಎತ್ತು ಸುತ್ತಿದಂಗೆ ಸುತ್ತಾವೆ ಅಮ್ಮಾರೆ! ನಿಲ್ಲಾಕೇ ಇಲ್ಲ!"

ಪ್ರಾಣಿಯ ಕೋಶಕ್ಕೆ ಬಂದಾಗ ತೊಡಕಾಯಿತು. ಯಾರ ಕೆನ್ನೆ? ಒಬ್ಬಳೂ ಮುಂದೆ ಬರಲೊಲ್ಲಳು. ಇವಳ ಎಂಜಲನ್ನು ಅವಳು ಹೇಗೆ ನೋಡುವುದು, ಅವಳದನ್ನು ಇವಳು ಹೇಗೆ ನೋಡುವುದು ಎಂದು ಗುಸುಗುಸು. ನಾನು ಕಡ್ಡಿ ತೆಗೆದುಕೊಳ್ಳಲು ಕೈಚಾಚಿದೆ. ನನಗಿಂತ ಮುಂಚೆ ಹೆಡ್‌ಮಿಸ್ಟ್ರೆಸ್ ಕೈ ಬಂತು.

"ಕೊಡಿ. ನಂದು ತೊಗೊಳ್ಳಿ."

ಅವರು ಗೋಡೆಯ ಕಡೆ ತಿರುಗಿ, ಸೆರಗು ಮರೆಮಾಡಿಕೊಂಡು ಕೆನ್ನೆ ಕೆರೆದು ಕಡ್ಡಿಯನ್ನು ಡಾಕ್ಟರ ಕೈಗೆ ಕೊಟ್ಟರು. ಕೊಟ್ಟವರೇ, "ಗದ್ದಲ ಮಾಡದೆ ಸಾಲಾಗಿ ನೋಡಿ" ಎಂದು ಎಂದಿನ ಗಡಸು ದನಿಯಲ್ಲಿ ಗದರಿದರು. ಹುಡುಗಿಯರು ಒಬ್ಬೊಬ್ಬರಾಗಿ ಬಗ್ಗಿ ತಮ್ಮ ಹೆಡ್‌ಮಿಸ್ಟ್ರೆಸ್ಸಿನ ಕೆನ್ನೆಯ ಕೋಶಗಳನ್ನು ನೋಡಿದರು. ಒಕ್ಕಲಿಗರ ಹುಡುಗಿ, ಶಿವಾಚಾರದವರ ಹುಡುಗಿ, ನೇಯ್ಗೆಯವರ ಹುಡುಗಿ, ಅಗ್ರಹಾರದ ಹುಡುಗಿಯರು. "ಗೋಡೆ ಇಲ್ಲ ಕಣೇ" ಎಂದು ಒಬ್ಬಳು ಇನ್ನೊಬ್ಬಳಿಗೆ ಪಿಸುಗುಟ್ಟಿದ್ದು ನನಗೆ ಕೇಳಿಸಿತು. ಕಿವಿ ಆಗ ಸರಿಹೋಗಿತ್ತು.

ಎಲ್ಲರೂ ಹೋದ ಮೇಲೆ ಹೆಡ್‌ಮಿಸ್ಟ್ರೆಸ್ ತಾವೂ ನೋಡಿದರು. ನೋಡಿ, ತಲೆಗೆ ಸ್ನಾನ ಮಾಡಲು ಹೊಳೆಗೆ ಹೊರಟುಹೋದರು. ಅಗ್ರಹಾರದಲ್ಲಿ ಅದರ ಮಾತು ಕೆಲವು ದಿನ ನಡೆಯಿತಂತೆ. ಅವರ ಎದುರಿಗೆ ಆಡುವ ಧೈರ್ಯ ಯಾರಿಗೂ ಬರಲಿಲ್ಲ.

ಹೊರಡುವಾಗ ಡಾಕ್ಟರು ನನ್ನನ್ನು ಕೇಳಿದರು: "ರಜೆಯಲ್ಲಿ ಅರಕಲಗೂಡಿಗೆ ಬರುತ್ತೀರಾ? ರಕ್ತದ ಗಾಜು ನೋಡಲು ನನಗೊಂದು ಜೊತೆ ಕಣ್ಣು ಬೇಕು. ಒಬ್ಬಳಿಂದ ಆಗುವುದಿಲ್ಲ."

ತಂದೆ ಒಪ್ಪಲಿಲ್ಲ. ಮತ್ತೆ ಒಪ್ಪಿದರು, ಅತ್ತೆ ಜೊತೆಗಿದ್ದರೆ ಎಂಬ ಮಾತಿನ ಮೇಲೆ. ದಸರಾ ರಜೆಗೆ ಹೋದೆ, ಬೇಸಗೆಗೂ ಹೋದೆ, ಡಾಕ್ಟರಿಗೆ ಬೇರೆ ಊರಿಗೆ ವರ್ಗವಾಗುವವರೆಗೂ ರಜೆ ಬಂದರೆ ನನ್ನ ದಾರಿ ಅದೇ. ಆ ಮೇಜಿನ ಮುಂದೆ ಬೆಳಗಿನಿಂದ ಕೂತರೆ ಏಳಬೇಕೆಂದೇ ಅನಿಸುತ್ತಿರಲಿಲ್ಲ. ಕೂತ ಕಡೆಯೇ ಅಷ್ಟು ದೂರ ಹೋಗಬಹುದಾದ ಜಾಗ ನನಗೆ ಬೇರೆಲ್ಲೂ ಸಿಕ್ಕಿರಲಿಲ್ಲ.

ಮೊದಲ ವಾರವೇ ಹಳ್ಳಿಮೈಸೂರು ಕಡೆಯ ರೈತ ಹೆಂಗಸೊಬ್ಬಳು ಬಂದಳು. ನಡುಗುತ್ತಿದ್ದಳು, ಆದರೂ ನನ್ನ ಪಕ್ಕ ಬಿಟ್ಟು ಕದಲಲಿಲ್ಲ.

"ನನ್ ರಕ್ತದಾಗೆ ಏನವ್ವ ಕಾಣ್ತದೆ? ನಂಗೂ ಒಸಿ ತೋರ್ಸು."

ಸರಿದು ಜಾಗ ಬಿಟ್ಟೆ. ಅವಳು ಒಂದು ಕಣ್ಣು ಮುಚ್ಚಿ ಬಗ್ಗಿದಳು.

"ಏನೂ ಇಲ್ಲ ಕಣವ್ವ. ನನ್ ರೆಪ್ಪೆ ಕೂದಲೇ ಕಾಣ್ತವೆ."

"ಮೊದಲು ಹಾಗೇ ಆಗೋದು. ಅವಸರ ಮಾಡಬೇಡಿ," ಎಂದು ನಾನು ಕನ್ನಡಿಯನ್ನು ಬೆಳಕಿಗೆ ತಿರುಗಿಸಿದೆ.